ಒರತೆ ಕೋಟೆಯ ಹೊರಗಿತ್ತು

"ಇದನ್ನ ಕೋಟೆ ಅಂತಾರಾ? ನಮ್ಮ ಕಡೆ ಕುರಿ ಕೂಡೋ ರೊಪ್ಪ ಇದಕ್ಕಿಂತ ಗಟ್ಟಿ ಇರ್ತಾವೆ."

ಟಿಕೆಟ್ ತಗೊಂಡು ಒಳಗೆ ಕಾಲಿಟ್ಟ ಎರಡನೇ ನಿಮಿಷಕ್ಕೆ ಅಪ್ಪ ಹೇಳಿದ ಮಾತಿದು. ಜಾಗ, ಕೆಂಟಕಿ ರಾಜ್ಯದ ಫೋರ್ಟ್ ಬೂನ್ಸ್‌ಬರೊ. ನಾವಿರುವ ಲೆಕ್ಸಿಂಗ್ಟನ್ನಿಂದ ಕಾರಿನಲ್ಲಿ ಅರ್ಧ ಗಂಟೆ. ಎಂಟು ವರ್ಷದಿಂದ ಹೆದ್ದಾರಿಯ ಮೇಲೆ ಅದರ ಹೆಸರಿನ ಬೋರ್ಡು ನೋಡಿಕೊಂಡೇ ಓಡಾಡಿದ್ದೆ, ಒಮ್ಮೆಯೂ ಒಳಗೆ ತಿರುಗಿಸಿರಲಿಲ್ಲ. ಊರಿಂದ ಬಂದ ಅಪ್ಪನಿಗೆ ಮಾಲುಗಳಲ್ಲಿ ತಿರುಗಿ ಬೇಜಾರಾಗಿ, "ಹಳೇದು ಏನಾದ್ರೂ ತೋರ್ಸಮ್ಮ" ಅಂದಿದ್ದಕ್ಕೆ ಹೊರಟಿದ್ದು.

ಅಪ್ಪ ಚಳ್ಳಕೆರೆ ಸೀಮೆಯವರು. ಹೊಲದಲ್ಲಿ ಐದು ಬೋರು ಕೊರೆಸಿ ನಾಲ್ಕು ಫೇಲಾದ ಮನುಷ್ಯ. ಕೋಟೆ ಅಂದರೆ ಅವರ ಕಣ್ಣಿಗೆ ಬರುವುದು ಚಿತ್ರದುರ್ಗ. ಅಲ್ಲಿ ಅವರು ನಮ್ಮನ್ನು ಕರೆದುಕೊಂಡು ಹೋದಾಗಲೆಲ್ಲ ಬುರುಜು, ಬತೇರಿ ನೋಡುವುದಕ್ಕಿಂತ ಅಕ್ಕ ತಂಗಿ ಹೊಂಡದಲ್ಲಿ ನೀರು ಎಷ್ಟಿದೆ ಅಂತ ನೋಡುವುದೇ ಜಾಸ್ತಿ. ಹಾಗಾಗಿ ಇಲ್ಲೂ ಅವರ ಎರಡನೇ ಪ್ರಶ್ನೆ ಅದೇ ಆಯಿತು.

"ನೀರೆಲ್ಲಿತ್ತಂತೆ ಇವ್ರಿಗೆ?"

ಹಳೇ ಕಾಲದ ಉಡುಪು ಹಾಕಿಕೊಂಡು ಕುಲುಮೆ ಮುಂದೆ ನಿಂತಿದ್ದ ಕಮ್ಮಾರನನ್ನು ಕೇಳಿದೆ. ಆತ ಇಕ್ಕಳ ಕೆಳಗಿಟ್ಟು, ಗೇಟಿನ ಆಚೆ ಕೈ ತೋರಿಸಿ ನಕ್ಕ. ನೀರು ಕೋಟೆಯ ಹೊರಗಿತ್ತು.

ಆ ನಗು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಆಮೇಲೆ ಎರಡು ಮೂರು ತಿಂಗಳು ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಓದಿದಷ್ಟೂ ಅಪ್ಪನ ಎರಡು ಮಾತುಗಳೇ ಸರಿ ಅನ್ನಿಸುತ್ತಾ ಹೋದವು. ಅದು ರೊಪ್ಪವೇ. ನೀರು ಹೊರಗೇ ಇತ್ತು.

ಈಗ ನೋಡಲು ಸಿಗುವುದು 1974ರಲ್ಲಿ ಮತ್ತೆ ಕಟ್ಟಿದ ಕೋಟೆ. ಮೂಲದ್ದು ಕೆಳಗೆ ಕೆಂಟಕಿ ನದಿಯ ದಂಡೆಯಲ್ಲಿತ್ತು. ಕಟ್ಟಿದ ಬಗೆ ಸರಳ. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊಟ್ಟು ಕೂರಿಸಿ, ಸಂದಿಗೆ ಮಣ್ಣು ಮೆತ್ತಿದ ಒಂದೊಂದು ಕೋಣೆಯ ಮನೆಗಳು. ಅವುಗಳನ್ನು ಆಯತಾಕಾರದಲ್ಲಿ ಸಾಲಾಗಿ ನಿಲ್ಲಿಸಿದರೆ ಮನೆಗಳ ಬೆನ್ನೇ ಕೋಟೆಯ ಗೋಡೆ. ಮನೆ ಮನೆಯ ನಡುವೆ ಉಳಿದ ಜಾಗಕ್ಕೆ ಮೊನೆ ಚೂಪು ಮಾಡಿದ ಕಂಬಗಳನ್ನು ಒತ್ತೊತ್ತಾಗಿ ನೆಟ್ಟರು. ಮಾಡಿನ ಇಳಿಜಾರು ಒಳಗಡೆಗೆ. ಹೊರಗಿನಿಂದ ಬೆಂಕಿ ಎಸೆದರೆ ಒಳಗಿನವರು ಹತ್ತಿ ಆರಿಸಬೇಕಲ್ಲ. ನಾಲ್ಕು ಮೂಲೆಗೆ ಎರಡಂತಸ್ತಿನ ಬ್ಲಾಕ್‌ಹೌಸ್. ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ, ಗೋಡೆ ಬುಡಕ್ಕೆ ಬಂದವನ ತಲೆ ಮೇಲೇ ಗುಂಡು ಹಾರಿಸಲು. ಕೋವಿಯ ಮೂತಿ ತೂರಿಸುವಷ್ಟು ಕಂಡಿಗಳು. ಒಟ್ಟು ಉದ್ದ ಸುಮಾರು 250 ಅಡಿ. ಮೊಳೆ ಕೂಡ ಅಪರೂಪದ ವಸ್ತುವಾಗಿದ್ದ ಕಾಲ.

ನಾನು ಇಂಥವನ್ನೆಲ್ಲ ಸೈನ್ಯದ ಕೋಟೆ ಅಂತಲೇ ಅಂದುಕೊಂಡಿದ್ದೆ. ನೀಲಿ ಸಮವಸ್ತ್ರ, ಕಹಳೆ, ಕುದುರೆ ದಂಡು. ಅದು ನೂರು ವರ್ಷ ಆಮೇಲಿನ, ಇನ್ನೂ ಪಶ್ಚಿಮದ ಕಥೆ. ಕೆಂಟಕಿಯ ಕೋಟೆಗಳಲ್ಲಿ ಇದ್ದವರು ಸಂಸಾರಸ್ಥರು. ಹೆಂಡತಿ, ಮಕ್ಕಳು, ಹಸು, ನಾಯಿ, ಜೊತೆಗೆ ಕೆಲವರ ಬಳಿ ಗುಲಾಮರು. ಸಣ್ಣವನ್ನು ಕೋಟೆ ಅಂತಲೂ ಕರೆಯುತ್ತಿರಲಿಲ್ಲ, 'ಸ್ಟೇಷನ್' ಅನ್ನುತ್ತಿದ್ದರು.

ಹಾಗಾದರೆ ಇದನ್ನು ಕಟ್ಟಿಸಿದ್ದು ಯಾರು? ರಾಜನಲ್ಲ, ಒಂದು ಭೂವ್ಯವಹಾರದ ಕಂಪನಿ.

ಬ್ರಿಟಿಷ್ ದೊರೆ 1763ರಲ್ಲೇ ಒಂದು ಫರ್ಮಾನು ಹೊರಡಿಸಿದ್ದ: ಅಪಲೇಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ವಲಸಿಗರು ನೆಲೆಸಕೂಡದು. ಯಾರು ಕೇಳುತ್ತಾರೆ? ನಾರ್ತ್ ಕ್ಯಾರೊಲೈನಾದ ರಿಚರ್ಡ್ ಹೆಂಡರ್ಸನ್ ಎಂಬ ಮಾಜಿ ನ್ಯಾಯಾಧೀಶ 'ಟ್ರಾನ್ಸಿಲ್ವೇನಿಯಾ ಕಂಪನಿ' ಕಟ್ಟಿ, 1775ರ ಮಾರ್ಚಿನಲ್ಲಿ ಸಿಕಮೋರ್ ಶೋಲ್ಸ್ ಎಂಬಲ್ಲಿ ಚೆರೋಕೀ ಎಂಬ ಮೂಲನಿವಾಸಿ ಬುಡಕಟ್ಟಿನ ಮುಖಂಡರನ್ನು ಕೂಡಿಸಿ, ಸುಮಾರು 10,000 ಪೌಂಡಿನ ಸಾಮಾನು ಕೊಟ್ಟು ಎರಡು ಕೋಟಿ ಎಕರೆಯಷ್ಟು ನೆಲ ಬರೆಸಿಕೊಂಡ. ಬಟ್ಟೆ, ಕೋವಿ, ಕತ್ತಿ, ಒಡವೆ. ಮುಖಂಡನೊಬ್ಬನ ಮಗ ಡ್ರ್ಯಾಗಿಂಗ್ ಕನೂ ಒಪ್ಪದೆ ಎದ್ದು ಹೋದ, ಮುಂದೆ ವರ್ಷಗಟ್ಟಲೆ ಹೋರಾಡಿದ. ಅದೇ ನೆಲದಲ್ಲಿ ಬೇಟೆಯಾಡುತ್ತಿದ್ದ ಶಾನೀ ಜನರನ್ನಂತೂ ಯಾರೂ ಕೇಳಲೇ ಇಲ್ಲ. ಮಾರುವ ಹಕ್ಕಿಲ್ಲದವರಿಂದ, ಕೊಳ್ಳುವ ಹಕ್ಕಿಲ್ಲದವನು ಕೊಂಡ ಜಮೀನು. ನಮ್ಮೂರಿನಲ್ಲಾದರೆ ಇಂಥ ಕ್ರಯಪತ್ರ ಹಿಡಿದು ಮೂರು ತಲೆಮಾರು ಕೋರ್ಟು ಅಲೆಯುತ್ತಿದ್ದರು. ಇಲ್ಲಿ ಹೆಂಡರ್ಸನ್ ಬೇರೆ ದಾರಿ ಹಿಡಿದ: ಹೋಗಿ ಕೂತುಬಿಡುವುದು. ಡೇನಿಯಲ್ ಬೂನ್ ಎಂಬ ಬೇಟೆಗಾರನ ಕೈಗೆ ಮೂವತ್ತು ಜನ ಕೊಡಲಿಯವರನ್ನು ಕೊಟ್ಟು ಮುಂದೆ ಕಳಿಸಿದ. ಅವರು ಕಂಬರ್‌ಲ್ಯಾಂಡ್ ಕಣಿವೆ ದಾಟಿ ದಾರಿ ಕಡಿಯುತ್ತಾ ಬಂದು, ಏಪ್ರಿಲ್ ಮೊದಲ ದಿನಗಳಲ್ಲಿ ಈ ನದಿ ದಂಡೆಗೆ ಮುಟ್ಟಿದರು. ಉಪ್ಪು ನೆಕ್ಕಲು ಬೈಸನ್ ಹಿಂಡು ಬರುತ್ತಿದ್ದ ಜಾಗ ಅದು. ಪಕ್ಕದಲ್ಲೇ ಸಿಹಿನೀರಿನ ಒರತೆ.

ಮೂರು ವಾರದ ನಂತರ ಬಂದ ಹೆಂಡರ್ಸನ್ನನಿಗೆ ಬೂನ್ ಹಾಕಿದ್ದ ಗುಡಿಸಲುಗಳ ಜಾಗ ಸರಿಕಾಣಲಿಲ್ಲ. ಸುಮಾರು 300 ಗಜ ಆಚೆ ಕೋಟೆಗೆ ಗುರುತು ಹಾಕಿದ.

ಇಲ್ಲಿಂದ ಮುಂದೆ ನಡೆದದ್ದು ನನಗೆ ಇಡೀ ಕಥೆಯಲ್ಲೇ ಅತಿ ಮುಖ್ಯ ಅನ್ನಿಸುತ್ತದೆ. ಕೋಟೆ ಕಟ್ಟಲು ಯಾರೂ ಬರಲಿಲ್ಲ. ಎಲ್ಲರೂ ಜಮೀನು ನೋಡಲು ಹೋಗಿದ್ದರು. ಮರದ ತೊಗಟೆ ಕೆತ್ತಿ ಹೆಸರಿನ ಅಕ್ಷರ ಹಾಕು, ನಾಲ್ಕು ಸಾಲು ಮೆಕ್ಕೆಜೋಳ ಊರು, ಅರ್ಧಂಬರ್ಧ ಗುಡಿಸಲು ಎತ್ತು, ಇನ್ನೊಂದು ಕಡೆ ಓಡು. ಶತ್ರು ಬರುತ್ತಾನೆ ಅಂತ ಗೊತ್ತಿದ್ದೂ ಗೋಡೆ ಪೂರ್ತಿಯಾಗಲಿಲ್ಲ. ಮೂರು ವರ್ಷ ಕಳೆದು 1778ರ ಜೂನಿನಲ್ಲಿ ಬೂನ್ ಶಾನೀಗಳ ಸೆರೆಯಿಂದ ತಪ್ಪಿಸಿಕೊಂಡು ಬಂದಾಗಲೂ ಕೋಟೆ ಪಾಳು ಸ್ಥಿತಿಯಲ್ಲೇ ಇತ್ತು. ಹತ್ತು ದಿನದಲ್ಲಿ ಗಡಿಬಿಡಿಯಿಂದ ಗೇಟು, ಗೋಡೆ ಭದ್ರಪಡಿಸಿದರು. ಜೀವಕ್ಕಿಂತ ಜಮೀನು ಮುಂದು. ಕೋಟೆ ಎಂಬುದು ರಕ್ಷಣೆಗೆ ಕಟ್ಟಿದ್ದು ಅನ್ನುವ ನಮ್ಮ ಕಲ್ಪನೆಯನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕು. ಇದು ಸ್ವಾಧೀನ ತೋರಿಸಲು ಹಾಕಿದ ಗುಡಿಸಲು, ಕೊಂಚ ದೊಡ್ಡದು, ಅಷ್ಟೆ.

ಬದುಕಿಗೆ ಬೇಕಾದ ಯಾವುದೂ ಆ ಬೇಲಿಯ ಒಳಗಿರಲಿಲ್ಲ. ಜೋಳದ ಹೊಲ ಹೊರಗೆ. ಮೇವು ಹೊರಗೆ. ಮಾಂಸ ಹೊರಗೆ, ಅದೂ ದಿನದಿಂದ ದಿನಕ್ಕೆ ದೂರ. ಬಂದ ತಿಂಗಳಲ್ಲೇ ಬೈಸನ್‌ಗಾಗಿ ಹದಿನೈದು ಇಪ್ಪತ್ತು ಮೈಲಿ ಹೋಗಬೇಕಾಯಿತು ಅಂದರೆ ಯಾವ ಪರಿ ಹೊಡೆದಿರಬೇಕು! ಮೇ ತಿಂಗಳಲ್ಲಿ ದೊಡ್ಡ ಎಲ್ಮ್ ಮರದ ಕೆಳಗೆ ಸಭೆ ಸೇರಿ ಇವರು ಮಾಡಿದ ಮೊದಮೊದಲ ಕಾನೂನುಗಳಲ್ಲಿ ಬೇಟೆಯ ಪ್ರಾಣಿಗಳನ್ನು ಉಳಿಸುವುದೂ ಒಂದು. ಮಂಡಿಸಿದವನು ಬೂನನೇ. ಬಟ್ಟೆಗೂ ಹೊರಗೇ ಹೋಗಬೇಕು. ಹ್ಯಾರಡ್ಸ್‌ಬರ್ಗ್ ಕೋಟೆಯ ಆ್ಯನ್ ಮೆಗಿಂಟಿ ಎಂಬಾಕೆ ಬೆಟ್ಟ ದಾಟಿಸಿ ರಾಟೆ ತಂದವಳು. ಅವಳು ಮುಟ್ಟಿದರೆ ತುರಿಸುವ ಗಿಡದ ನಾರನ್ನೂ ಬೈಸನ್ ಉಣ್ಣೆಯನ್ನೂ ಸೇರಿಸಿ ಬಟ್ಟೆ ನೇಯ್ದಳು. ಬೂನ್ಸ್‌ಬರೊದ ನೇಯ್ಗೆ ಕೋಣೆಯಲ್ಲಿ ಕಂಬಳಿಯಂಥ ಒಂದು ತುಂಡು ಬಟ್ಟೆ ಮುಟ್ಟಿ ನೋಡಿದ ಅಪ್ಪ, "ಮೈಮೇಲೆ ಹಾಕ್ಕಂಡ್ರೆ ದಿನಾ ಹಬ್ಬ" ಅಂತ ಕೆರೆದುಕೊಂಡು ತೋರಿಸಿದರು.

ಇನ್ನು ಉಪ್ಪು. ಮಾಂಸ ಕೆಡದಂತೆ ಇಡಲು ಉಪ್ಪು ಬೇಕೇ ಬೇಕು. ಅದಕ್ಕೆ ಬ್ಲೂ ಲಿಕ್ಸ್ ಎಂಬ ಉಪ್ಪುನೀರಿನ ಒರತೆಗೆ ಹೋಗಿ ದೊಡ್ಡ ಕೊಪ್ಪರಿಗೆಗಳಲ್ಲಿ ನೀರು ಕಾಯಿಸಬೇಕು. ನೀರಿನಲ್ಲಿ ಉಪ್ಪಿನಂಶ ಎಷ್ಟು ಕಮ್ಮಿಯೆಂದರೆ ಒಂದು ಮೂಟೆ ಉಪ್ಪಿಗೆ ನೂರಾರು ಗ್ಯಾಲನ್ ಕುದಿಸಬೇಕು. 1778ರ ಜನವರಿಯಲ್ಲಿ ಬೂನ್ ಸುಮಾರು ಮೂವತ್ತು ಜನರನ್ನು ಕಟ್ಟಿಕೊಂಡು ಅಲ್ಲಿಗೆ ಹೋದ. ಫೆಬ್ರುವರಿಯಲ್ಲಿ ಶಾನೀ ನಾಯಕ ಬ್ಲ್ಯಾಕ್‌ಫಿಶ್ ಹೆಚ್ಚುಕಮ್ಮಿ ಎಲ್ಲರನ್ನೂ ಸೆರೆ ಹಿಡಿದ.

ಶಾನೀಗಳು ಆ ಚಳಿಯಲ್ಲಿ ಯಾಕೆ ಬಂದರು ಅನ್ನುವುದನ್ನು ಹೇಳದೆ ಬೂನನ ಸಾಹಸ ಮಾತ್ರ ಹೇಳಿದರೆ ಕಥೆ ಕುಂಟುತ್ತದೆ. ಅದಕ್ಕೆ ಕಾರಣ ಇನ್ನೊಂದು ಕೋಟೆ. ಓಹಾಯೊ ನದಿಯ ಮೇಲಿನ ಫೋರ್ಟ್ ರ್‍ಯಾಂಡಾಲ್ಫ್. 1777ರ ಶರತ್ಕಾಲದಲ್ಲಿ ಕಾರ್ನ್‌ಸ್ಟಾಕ್ ಎಂಬ ಶಾನೀ ಮುಖಂಡ, ವಲಸಿಗರೊಡನೆ ಹೊಂದಿಕೊಂಡು ಹೋಗೋಣ ಅನ್ನುತ್ತಿದ್ದವನು, ಮಾತುಕತೆಗೆಂದು ಆ ಕೋಟೆಗೆ ಬಂದ. ಹಾಗೇ ಒತ್ತೆಯಾಳಾಗಿ ಕೂಡಿಟ್ಟರು. ನವೆಂಬರಿನಲ್ಲಿ ಹೊರಗೆ ಯಾರೋ ಒಬ್ಬ ವಲಸಿಗ ಸತ್ತ ಸಿಟ್ಟಿಗೆ ಅಲ್ಲಿನ ಪಡೆಯವರು ನುಗ್ಗಿ ಅವನನ್ನೂ, ಅವನನ್ನು ನೋಡಲು ಬಂದಿದ್ದ ಮಗನನ್ನೂ ಗುಂಡಿಟ್ಟು ಕೊಂದರು. ನಂಬಿ ಒಳಗೆ ಬಂದವನಿಗೆ ಕೋಟೆ ಕೊಟ್ಟ ರಕ್ಷಣೆ ಇದು. ಕೊಂದವರಿಗೆ ಶಿಕ್ಷೆಯಾಗಲಿಲ್ಲ.

ಬ್ಲ್ಯಾಕ್‌ಫಿಶ್ ಸೆರೆ ಸಿಕ್ಕ ಬೂನನನ್ನು ಕೊಲ್ಲಲಿಲ್ಲ, ಮಗನಾಗಿ ದತ್ತು ತೆಗೆದುಕೊಂಡ. ಶೆಲ್ಟೊವೀ, ದೊಡ್ಡ ಆಮೆ, ಅಂತ ಹೆಸರಿಟ್ಟ. ನಾಲ್ಕು ತಿಂಗಳು ಮಗನಾಗಿದ್ದು, ಬೂನ್ಸ್‌ಬರೊ ಮೇಲೆ ದಾಳಿ ತಯಾರಾಗುತ್ತಿದೆ ಅಂತ ಗೊತ್ತಾದಾಗ ಬೂನ್ ತಪ್ಪಿಸಿಕೊಂಡ. 160 ಮೈಲಿ, ನಾಲ್ಕು ದಿನ. ಬಂದು ನೋಡಿದರೆ ಹೆಂಡತಿ ರೆಬೆಕ್ಕಾ, ಗಂಡ ಸತ್ತ ಅಂದುಕೊಂಡು ಮಕ್ಕಳೊಂದಿಗೆ ತವರಿನ ಕಡೆ ಹೊರಟುಹೋಗಿದ್ದಳು. ಮದುವೆಯಾಗಿದ್ದ ಮಗಳು ಜೆಮೈಮಾ ಮಾತ್ರ ಕಾದಿದ್ದಳು.

ಸೆಪ್ಟೆಂಬರ್ 7ಕ್ಕೆ ಬ್ಲ್ಯಾಕ್‌ಫಿಶ್ ಬಂದ. ಅಮೆರಿಕದ ವಲಸಿಗರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಮಾಡುತ್ತಿದ್ದ ಕಾಲ ಅದು. ಜೊತೆಗೆ 444 ಜನ ಮೂಲನಿವಾಸಿ ಯೋಧರು, ಬ್ರಿಟಿಷರ ಪರವಾಗಿ ಬಂದ 12 ಜನ ಫ್ರೆಂಚರು ಅಂತ ಬೂನನ ಹೆಸರಿನಲ್ಲಿ ಅಚ್ಚಾದ ವೃತ್ತಾಂತ ಹೇಳುತ್ತದೆ. ಒಳಗೆ ಕೋವಿ ಹಿಡಿಯಬಲ್ಲ ಗಂಡಸರು ಅರವತ್ತೂ ಇರಲಿಲ್ಲ. ಹೆಂಗಸರಿಗೆ ಗಂಡಸರ ಟೋಪಿ ಹಾಕಿಸಿ ಗೋಡೆಯ ಬಳಿ ಓಡಾಡಿಸಿದರು. ಎರಡು ದಿನ ಸಂಧಾನದ ಮಾತು, ಊಟ, ಸಹಿ, ಕೈಕುಲುಕುವ ಹೊತ್ತಿಗೆ ಹಿಡಿದೆಳೆದಾಟ, ಆಮೇಲೆ ಗುಂಡು. ಒಳಗೆ ಬಾವಿ ತೋಡಲು ಶುರು ಮಾಡಿದ್ದರು, ನೀರು ಸಿಕ್ಕಿರಲಿಲ್ಲ. (ಇದನ್ನು ಹೇಳಿದಾಗ ಅಪ್ಪ ತುಂಬ ಆತ್ಮೀಯವಾಗಿ ತಲೆಯಾಡಿಸಿದರು.)

ಮುತ್ತಿಗೆಯ ಒಂದು ವಿವರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಮುತ್ತಿಗೆ ಹಾಕಿದವರು ನದಿ ದಂಡೆಯಿಂದ ಕೋಟೆಯ ಕಡೆಗೆ ಸುರಂಗ ತೋಡತೊಡಗಿದರು. ಒಳಗಿನವರಿಗೆ ಅದು ಕಾಣುತ್ತಿರಲಿಲ್ಲ. ಆದರೆ ಮೇಲಿಂದ ತಿಳಿಯಾಗಿ ಹರಿದು ಬರುತ್ತಿದ್ದ ನದಿ ಕೋಟೆ ದಾಟಿದ ಮೇಲೆ ಕೆಂಪಗೆ ಕದಡಿ ಹೋಗುವುದು ಕಾಣುತ್ತಿತ್ತು. ಅಗೆದ ಮಣ್ಣನ್ನು ನದಿಗೆ ಸುರಿಯುತ್ತಿದ್ದಾರೆ! ಒಳಗಿನವರೂ ಅಡ್ಡಲಾಗಿ ಅಗೆಯಲು ಕೂತರು. ರಾತ್ರಿ ಎರಡೂ ಕಡೆಯವರಿಗೆ ಒಬ್ಬರ ಗುದ್ದಲಿ ಸದ್ದು ಇನ್ನೊಬ್ಬರಿಗೆ. ಕೊನೆಗೆ ಮಳೆ ಹಿಡಿದು ಸುರಂಗ ಕುಸಿಯಿತು, ಮಾಡಿಗೆ ಎಸೆದ ಪಂಜುಗಳೂ ಆರಿದವು. ಸೆಪ್ಟೆಂಬರ್ 18ಕ್ಕೆ ಬಂದವರು ಹಿಂದೆ ಸರಿದರು. ಗೋಡೆಗೆ ನಾಟಿದ್ದನ್ನು ಬಿಟ್ಟು ಸುತ್ತಮುತ್ತ ಹೆಕ್ಕಿದ ಗುಂಡುಗಳೇ 125 ಪೌಂಡು ತೂಗಿದವಂತೆ. ಸೀಸಕ್ಕೂ ಬರ ಇದ್ದ ಕಾಲ, ಕರಗಿಸಿ ಮತ್ತೆ ಬಳಸಲು ಹೆಕ್ಕಿದ್ದು.

ಕೋಟೆಯ ಒಳಗಿನವರಲ್ಲಿ ಸತ್ತವರು ಇಬ್ಬರು. ಒಬ್ಬನ ಹೆಸರು ಲಂಡನ್, ಗುಲಾಮ. ಗೋಡೆಗೆ ಹತ್ತಿದ ಬೆಂಕಿ ಆರಿಸಲು ಹೋಗಿ ಗುಂಡಿಗೆ ಬಿದ್ದ. ಆಚೆ ಕಡೆ ಶಾನೀಗಳ ದುಭಾಷಿಯಾಗಿದ್ದವನು ಪಾಂಪಿ, ಅವನೂ ಕಪ್ಪು ಮನುಷ್ಯ, ಅವನೂ ಸತ್ತ. ಗೋಡೆಯ ಎರಡೂ ಬದಿಗೆ ಒಬ್ಬೊಬ್ಬ. ಮುತ್ತಿಗೆಯಲ್ಲಿ ಸಾಯದೆ ಉಳಿದ ಇನ್ನೊಬ್ಬ ಗುಲಾಮ ಮಂಕ್ ಎಸ್ಟಿಲ್, ಗುಹೆಯಿಂದ ಪೆಟ್ಲುಪ್ಪು ತೆಗೆದು ಕೋಟೆಗೆ ಕೋವಿಮದ್ದು ಮಾಡಿಕೊಡುತ್ತಿದ್ದವನು. ಮದ್ದು ಮಾಡಲು ಗೊತ್ತಿದ್ದವನನ್ನು ನಂಬಿ ಇಡೀ ಕೋಟೆ ನಿಂತಿತ್ತು, ಅವನು ಮಾತ್ರ ಯಾರದೋ ಆಸ್ತಿ. ಕೆಂಟಕಿಯಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಪಡೆದ ಮೊದಲಿಗ ಅಂತ ಈಗ ಅವನನ್ನು ನೆನೆಯುತ್ತಾರೆ.

ಬೂನನಿಗೆ ಏನಾಯಿತು? ಶತ್ರುವಿನ ಜೊತೆ ಸೇರಿದ್ದ ಅಂತ ಅವನ ಮೇಲೇ ವಿಚಾರಣೆ ನಡೆಸಿದರು. ನಿರ್ದೋಷಿ ಅಂತಾಯಿತು, ಮೇಜರ್ ಪದವಿಯೂ ಸಿಕ್ಕಿತು. ಆದರೆ ಆ ಕೋಟೆಯಲ್ಲಿ ಅವನು ಹೆಚ್ಚು ದಿನ ನಿಲ್ಲಲಿಲ್ಲ.

ನೀರಿನ ಕಥೆಗೆ ಬರೋಣ. ನಮ್ಮ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಬ್ರಯನ್ ಸ್ಟೇಷನ್ ಎಂಬ ಇನ್ನೊಂದು ಕೋಟೆ ಇತ್ತು. ನಲವತ್ತು ಮನೆ, ಗುಡ್ಡದ ಮೇಲೆ. ಒರತೆ ಗುಡ್ಡದ ಬುಡದಲ್ಲಿ. 1782ರ ಆಗಸ್ಟ್ ನಡುವಿನ ಒಂದು ಬೆಳಗ್ಗೆ ಸುತ್ತಲಿನ ಪೊದೆಗಳಲ್ಲಿ ಯೋಧರು ಅವಿತಿದ್ದಾರೆ ಅಂತ ಒಳಗಿನವರಿಗೆ ಸುಳಿವು ಸಿಕ್ಕಿತು. ಒಳಗೆ ನೀರಿಲ್ಲ. ಗಂಡಸರು ಹೋದರೆ ಗುಂಡು ಹಾರುತ್ತದೆ. ದಿನಾ ಹೋಗುವಂತೆ ಹೆಂಗಸರೇ ಕೊಡ ಹಿಡಿದು ಹೋದರೆ, ಅವಿತವರು ತಮ್ಮ ಗುಟ್ಟು ಬಿಟ್ಟುಕೊಡಲಾರರು ಅನ್ನುವ ಲೆಕ್ಕ. ಹೋದರು. ಮಾತಾಡುತ್ತಾ, ನಗುತ್ತಾ ಹೋದರು ಅನ್ನುತ್ತಾರೆ. ತುಂಬಿಕೊಂಡು ಬಂದರು. ಆಮೇಲೆ ಮಾಡಿಗೆ ಬೆಂಕಿ ಬಿದ್ದಾಗ ಆ ನೀರೇ ಆಯಿತು. 1896ರಲ್ಲಿ ಆ ಒರತೆಯ ಸುತ್ತ ಕಲ್ಲಿನ ಗೋಡೆ ಕಟ್ಟಿಸಿ ಆ ಹೆಂಗಸರ ಹೆಸರು ಕೆತ್ತಿಸಿದವರೂ ಲೆಕ್ಸಿಂಗ್ಟನ್ನಿನ ಹೆಂಗಸರೇ.

ನೀರಿಗೆ ಹೋದ ಹೆಂಗಸು, ಕೋಟೆ, ಅವಿತ ಶತ್ರು ಅಂದಕೂಡಲೇ ಕನ್ನಡದವರಿಗೆ ಯಾರ ನೆನಪಾಗುತ್ತದೆ ಅಂತ ಹೇಳಬೇಕಿಲ್ಲ. ಓಬವ್ವನ ಕಾಲವೂ ಹೆಚ್ಚುಕಮ್ಮಿ ಅದೇ. ಅದಕ್ಕಿಂತ ವಿಚಿತ್ರದ ಸಂಗತಿ ಒಂದಿದೆ. ಅದೇ 1782ರ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆ ಹಿಡಿಯಿತು. ಆ ನೌಕೆಯ ಹೆಸರು 'ಹೈದರ್ ಅಲಿ'. ಬ್ರಿಟಿಷರನ್ನು ಮೈಸೂರಿನವನು ಬಡಿಯುತ್ತಿದ್ದಾನೆ ಅಂತ ಇಲ್ಲಿಯವರಿಗೆ ಖುಷಿ. ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. ದುರ್ಗದವರಿಗೆ ಹೈದರ್ ಅಲಿ ಹೆಸರು ಹೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಕಷ್ಟ.

ಸರಿ, ಕೋಟೆಗಳು ಉಳಿದವು. ಉಳಿದು ಏನಾದವು? ಸಬ್ ರಿಜಿಸ್ಟ್ರಾರ್ ಆಫೀಸುಗಳಾದವು. ತಮಾಷೆಗೆ ಹೇಳುತ್ತಿಲ್ಲ. ಹೆಂಡರ್ಸನ್ನನ ಖರೀದಿ ಊರ್ಜಿತವಲ್ಲ ಅಂತ ವರ್ಜೀನಿಯಾ ಸರ್ಕಾರ (ಕೆಂಟಕಿ ಆಗ ಅದರದೇ ಭಾಗ) ರದ್ದು ಮಾಡಿ, ಸಮಾಧಾನಕ್ಕೆ ಅವನಿಗೆ 2 ಲಕ್ಷ ಎಕರೆ ಕೊಟ್ಟು, 1779ರಲ್ಲಿ ತನ್ನದೇ ಕಾನೂನು ತಂದಿತು. 1778ರ ಜನವರಿ 1ಕ್ಕೆ ಮುಂಚೆ ಬಂದು ನೆಲೆಸಿದವನಿಗೆ 400 ಎಕರೆ. ಪಕ್ಕದ ಇನ್ನೂ 1,000 ಎಕರೆ ಕೊಳ್ಳಲು ಮೊದಲ ಹಕ್ಕು. ನೆಲೆಸಿದ್ದಕ್ಕೆ ಸಾಕ್ಷಿ, ಒಂದು ವರ್ಷದ ವಾಸ ಇಲ್ಲವೇ ಒಂದು ಬೆಳೆ ಜೋಳ. ಆ ವರ್ಷದ ಭೀಕರ ಚಳಿಗಾಲದಲ್ಲಿ, ದನಗಳು ನಿಂತಲ್ಲೇ ಸತ್ತು ಬೀಳುತ್ತಿದ್ದಾಗ, ಭೂ ಆಯೋಗದವರು ಕೋಟೆಯಿಂದ ಕೋಟೆಗೆ ಹೋಗಿ ಕೂತು ಅರ್ಜಿ ವಿಚಾರಿಸಿದರು. ಬೂನ್ಸ್‌ಬರೊ, ಹ್ಯಾರಡ್ಸ್‌ಬರ್ಗ್, ಬ್ರಯನ್ ಸ್ಟೇಷನ್. ನಾನು ಮೊದಲು ಬಂದೆ, ಇಂಥ ಹಳ್ಳದ ಹತ್ತಿರ ಜೋಳ ಊರಿದೆ, ಇಂಥವನು ನೋಡಿದ್ದಾನೆ. ನಾಲ್ಕು ಸಾಲು ಜೋಳದ ಆತುರ ಈಗ ಅರ್ಥವಾಗುತ್ತದಲ್ಲ?

ಸರ್ವೆ ಅನ್ನುವುದು ಮೊದಲೇ ಆಗಿರಲಿಲ್ಲ. ಗಡಿ ಹೇಳುತ್ತಿದ್ದದ್ದು ನಮ್ಮ ಕ್ರಯಪತ್ರಗಳ ಚಕ್ಕುಬಂದಿಯಂತೆಯೇ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಎರಡು ಕವಲಿನ ಬಿಳಿ ಓಕ್ ಮರ. ಮರ ಬಿದ್ದರೆ ಗಡಿಯೂ ಬಿತ್ತು. ಒಂದೇ ನೆಲಕ್ಕೆ ಮೂರು ನಾಲ್ಕು ಜನರ ಕಾಗದ, ಮಾಡಿನ ಹಂಚುಗಳ ಹಾಗೆ ಒಂದರ ಮೇಲೊಂದು. ಎಲ್ಲರಿಗೂ ದಾರಿ ಕಡಿದುಕೊಟ್ಟ ಬೂನನೇ ವ್ಯಾಜ್ಯಗಳಲ್ಲಿ ಒಂದೊಂದೇ ಜಮೀನು ಕಳೆದುಕೊಂಡು, 1799ರಲ್ಲಿ ಕೆಂಟಕಿ ಬಿಟ್ಟು ಆಗ ಸ್ಪೇನಿನ ಕೈಲಿದ್ದ ಮಿಸೌರಿಗೆ ಹೋದ. ಅಬ್ರಹಾಂ ಲಿಂಕನ್ನನ ಅಪ್ಪ ಥಾಮಸ್ 1816ರಲ್ಲಿ ಕೆಂಟಕಿ ಬಿಟ್ಟದ್ದಕ್ಕೂ ಒಂದು ಕಾರಣ ಜಮೀನಿನ ಹಕ್ಕುಪತ್ರದ ರಗಳೆ. ಇದೇ ಥಾಮಸ್ 1786ರಲ್ಲಿ ಸಣ್ಣ ಹುಡುಗ. ಹೊಲದಲ್ಲಿ ಅವನ ಅಪ್ಪ ಗುಂಡು ತಿಂದು ಬಿದ್ದಾಗ ಅಣ್ಣನೊಬ್ಬ ಗುಡಿಸಲಿಗೆ ಓಡಿ ಕೋವಿ ತೆಗೆದ, ಇನ್ನೊಬ್ಬ ಅಣ್ಣ ಹತ್ತಿರದ ಸ್ಟೇಷನ್ನಿಗೆ ಓಡಿ ಜನ ಕರೆದ. ಆ ಸ್ಟೇಷನ್ ಈಗಿಲ್ಲ.

ಯಾವುದೂ ಇಲ್ಲ. ದಿಮ್ಮಿ ಹಸಿ ನೆಲಕ್ಕೆ ತಾಗಿದರೆ ಎಷ್ಟು ವರ್ಷ ಬಾಳೀತು? ಭಯ ಕಳೆದ ಮೇಲೆ ಕಂಬ ಕಿತ್ತು ಒಲೆಗೆ ಹಾಕಿದರು, ಮನೆಗಳನ್ನು ಕೊಟ್ಟಿಗೆ ಮಾಡಿಕೊಂಡರು. ಬೂನ್ಸ್‌ಬರೊ ಊರಾಗಿ ಕೂಡ ಬಹಳ ಕಾಲ ನಿಲ್ಲಲಿಲ್ಲ. ಉಳಿದದ್ದು ಕಾಗದ.

ಬೂನನಿಗೆ ಕೊನೆಗೆ ಕೆಂಟಕಿಯಲ್ಲಿ ಜಮೀನು ದಕ್ಕಲಿಲ್ಲ ಅಂತ ಅಪ್ಪನಿಗೆ ಹೇಳಿದ್ದು ಪಾರ್ಕಿಂಗ್ ಜಾಗದಲ್ಲಿ, ಕಾರಿನ ಬಾಗಿಲು ತೆಗೆದು ಬಿಸಿ ಹೋಗಲಿ ಅಂತ ಕಾಯುತ್ತಿದ್ದಾಗ. ನಮ್ಮ ಹೊಲದ ಪೋಡಿ ವಿಷಯಕ್ಕೆ ಹದಿನಾಲ್ಕು ವರ್ಷ ತಾಲ್ಲೂಕು ಆಫೀಸಿನ ಮೆಟ್ಟಿಲು ಸವೆಸಿದವರು ಅವರು.

"ಪೋಡಿ ಮಾಡಿಸ್ಕಂಡಿರಲಿಲ್ಲ ಅನ್ನು" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಇನ್ನೊಬ್ಬ, ಮಗ ಮಾಡ್ಕಂಡಿದ್ನಲ್ಲ, ಅವನ ಕಡೇವ್ರು ಈಗೆಲ್ಲವ್ರೆ?"

ನದಿಯ ಆಚೆ ದಡ ತೋರಿಸಿ ಹೇಳಿದೆ: ಆ ಜಿಲ್ಲೆಯಲ್ಲಿ ಎಸ್ಕಿಪ್ಪಕಿತಿಕಿ ಅಂತ ಶಾನೀಗಳದೊಂದು ಊರೇ ಇತ್ತಂತೆ, ಬೂನ್ ಬರುವುದಕ್ಕೆ ಇಪ್ಪತ್ತು ವರ್ಷ ಮುಂಚಿನವರೆಗೆ. ಇಲ್ಲಿ ಯಾರೂ ವಾಸ ಇರಲಿಲ್ಲ, ಬರೀ ಬೇಟೆಯ ಕಾಡು ಅನ್ನುವುದು ಜಮೀನು ಮಾರುವವರ ಮಾತು. ಈಗ ಶಾನೀಗಳ ಮೂರೂ ಬುಡಕಟ್ಟಿನ ಆಡಳಿತ ಕಚೇರಿಗಳು ಇರುವುದು ಓಕ್ಲಹೋಮಾದಲ್ಲಿ. ಇಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು.

"ಅಲ್ಲಿ ನೀರೈತಾ?"

ಫೋನಿನಲ್ಲಿ ಮ್ಯಾಪ್ ತೆಗೆದು ಕೈಗೆ ಕೊಟ್ಟೆ. ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ದೊಡ್ಡದು ಮಾಡಿ, ನೀಲಿ ಗೆರೆ ಹುಡುಕುತ್ತಾ ಕೂತರು. ಹೆದ್ದಾರಿಗೆ ಬರುವವರೆಗೂ ಫೋನು ವಾಪಸ್ಸು ಕೊಡಲಿಲ್ಲ.